ಬ್ಯಾಲೆನ್ಸ್ ನಾಬ್ ಎಲ್ಲಿ ಹೋಯ್ತು ಸ್ವಾಮಿ?

ನನ್ನ ಕನ್ನಡಕದ ಎಡಗಡೆ ಗಾಜಿನ ಪವರ್ ಮೈನಸ್ 1.25, ಬಲಗಡೆಯದ್ದು ಮೈನಸ್ 3. ಕನ್ನಡಕದ ಅಂಗಡಿಯವರು ಡಾಕ್ಟರ ಚೀಟಿ ನೋಡಿದರು, ಬೇರೆ ಬೇರೆ ಪವರಿನ ಎರಡು ಗಾಜು ತರಿಸಿ ಫ್ರೇಮಿಗೆ ಕೂರಿಸಿ ಕೊಟ್ಟರು. "ಎರಡು ಕಣ್ಣಿಗೆ ಎರಡು ಥರದ ಗಾಜು ಹಾಕಿದ್ರೆ ನೋಟದ ಶುದ್ಧತೆ ಹೋಗುತ್ತೆ ಸಾರ್" ಅಂತ ಯಾರೂ ಅನ್ನಲಿಲ್ಲ. ಈ ಕನ್ನಡಕ ಹಾಕಿಕೊಂಡು ಸಿನಿಮಾಕ್ಕೆ ಹೋದರೆ, "ಅದನ್ನ ತೆಗೀರಿ, ಕ್ಯಾಮೆರಾಮನ್ ತೋರಿಸಿದ್ದನ್ನ ಇದ್ದ ಹಾಗೇ ನೋಡಿ" ಅಂತ ಟಾರ್ಚ್ ಹಿಡಿದವನೂ ಹೇಳುವುದಿಲ್ಲ.

ಇದೇ ಮಾತನ್ನು ಕಿವಿಗೆ ಹಚ್ಚಿ ನೋಡಿ, ಕಥೆಯೇ ಬೇರೆ.

ಹೋದ ವರ್ಷ ಬೆಂಗಳೂರಿನ ಒಂದು ಆಡಿಯೋ ಅಂಗಡಿಗೆ ಹೋಗಿದ್ದೆ (ಹೆಸರು ಬೇಡ ಬಿಡಿ). ಒಳಗೆ ಕಾರ್ಪೆಟ್, ಏಸಿ, ಕಾಫಿ ಎಲ್ಲಾ ಇತ್ತು. ನಾನು ಕೇಳಿದ್ದು ಇಷ್ಟೇ: ಎಡಗಡೆ ಚಾನೆಲ್ಲಿನ ಟ್ರೆಬಲ್ ಅನ್ನು ಮಾತ್ರ ಏರಿಸುವ ಸೌಲಭ್ಯ ಇರುವ ಆಂಪ್ಲಿಫೈಯರ್ ಇದೆಯಾ? ನನ್ನ ಎಡಗಿವಿ ಬಲಗಿವಿಯಷ್ಟು ಚೆನ್ನಾಗಿ ಕೇಳುವುದಿಲ್ಲ. ಆ ಹುಡುಗ ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ದರ್ಶಿನಿಯಲ್ಲಿ ಫಿಲ್ಟರ್ ಕಾಫಿಗೆ ಉಪ್ಪು ಕೇಳಿದವನನ್ನು ನೋಡಿದ ಹಾಗೆ! "ಸಾರ್, ಈಕ್ವಲೈಸರ್ ಹಾಕಿದ್ರೆ ಪ್ಯೂರಿಟಿ ಹೋಗುತ್ತೆ. ಆರ್ಟಿಸ್ಟ್ ಏನು ರೆಕಾರ್ಡ್ ಮಾಡಿದ್ದಾರೋ ಅದನ್ನೇ ಕೇಳ್ಬೇಕು" ಅಂದ. ಕೊನೆಗೆ ಪರಿಹಾರ ಅಂತ ತೋರಿಸಿದ್ದು ಒಂದು ಕೇಬಲ್ಲು. ಅದರ ಬೆಲೆಯಲ್ಲಿ ನಮ್ಮ ಮನೆಗೆ ವರ್ಷದ ಅಕ್ಕಿ ಬರುತ್ತೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟಿದ್ದನ್ನು ಅವನು ಹೇಳಿದ. ಸಿಟ್ಟಿರುವುದು ಹೇಳಿಕೊಟ್ಟವರ ಮೇಲೆ.

ಮೊದಲು ನನ್ನ ಕಿವಿಯ ಜಾತಕ ಹೇಳಿಬಿಡುತ್ತೇನೆ. ಆಡಿಯೋಗ್ರಾಮ್ ಅನ್ನುವ ಪರೀಕ್ಷೆಯಲ್ಲಿ 250 ಹರ್ಟ್ಜಿನಿಂದ 8000 ಹರ್ಟ್ಜಿನವರೆಗೆ ಒಂದೊಂದೇ ಸ್ವರ ಕೇಳಿಸಿ, ಪ್ರತಿ ಕಿವಿಗೂ ಎಷ್ಟು ಜೋರು ಮಾಡಿದರೆ "ಹಾಂ, ಕೇಳಿಸಿತು" ಅನ್ನುತ್ತೇವೆ ಅಂತ ಗುರುತು ಹಾಕುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಅಂಕಿ ದೊಡ್ಡದಾದಷ್ಟೂ ಕಿವಿ ಮಂದ. 1000 ಹರ್ಟ್ಜಿನವರೆಗೆ ನನ್ನ ಎರಡೂ ಕಿವಿ ಜೊತೆಜೊತೆಗೇ ನಡೆಯುತ್ತವೆ, 15-20 ಡೆಸಿಬೆಲ್, ಏನೂ ತೊಂದರೆ ಇಲ್ಲ. 2000ಕ್ಕೆ ಬಲ 20, ಎಡ 35. 4000ಕ್ಕೆ ಬಲ 30, ಎಡ 60. ಅಲ್ಲಿ ಎಡಗಿವಿಯ ಗೆರೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದು, 8000ದಲ್ಲಿ ಸ್ವಲ್ಪ ಮೇಲೆ ಬರುತ್ತೆ. 4000ದ ಹತ್ತಿರದ ಈ ಗುಳಿ ಜೋರು ಸದ್ದಿನಿಂದ ಹಾಳಾದ ಕಿವಿಯ ಗುರುತು. ಹತ್ತೊಂಬತ್ತನೇ ವಯಸ್ಸಿನಲ್ಲಿ ದೀಪಾವಳಿಯ ದಿನ ಯಾರೋ ಹಚ್ಚಿದ ಆಟಂ ಬಾಂಬು ನನ್ನ ಎಡಗಡೆ, ಕೈಯಳತೆ ದೂರದಲ್ಲಿ ಸಿಡಿದಿತ್ತು. ಡಾಕ್ಟರಿಗೆ ಹೇಳಿದೆ. ಅದೇ ಕಾರಣ ಇರಬಹುದು, ಆದರೆ ಎರಡು ಕಿವಿಗಳ ನಡುವೆ ಇಷ್ಟು ಅಂತರ ಇದ್ದರೆ ಕಿವಿಯ ನರದ ಮೇಲೆ ಗೆಡ್ಡೆ ಏನಾದರೂ ಇದೆಯಾ ಅಂತ ಒಮ್ಮೆ ನೋಡಲೇಬೇಕು ಅಂತ ಎಂಆರ್‌ಐ ಮಾಡಿಸಿದರು. ಏನೂ ಇರಲಿಲ್ಲ.

ಎರಡೂ ಕಿವಿ ಒಂದೇ ಸಮ ಹಾಳಾಗಬೇಕು ಅಂತ ಎಲ್ಲೂ ಬರೆದಿಲ್ಲ. ಬಲಗೈಯಲ್ಲಿ ಬಂದೂಕು ಹಾರಿಸುವವರಿಗೆ ಎಡಗಿವಿಯೇ ಹೆಚ್ಚು ಕೆಡುತ್ತೆ. ನಳಿಗೆಯ ಬಾಯಿಗೆ ಎದುರಾಗುವುದು ಎಡಗಿವಿ, ಬಲಗಿವಿ ತಲೆಯ ಮರೆಯಲ್ಲಿರುತ್ತೆ. ಕೊಡಗಿನ ಕಡೆ ಕೋವಿ ಹಿಡಿದೇ ಬೆಳೆದ ಹಿರಿಯರನ್ನು ಯಾವ ಕಡೆಯಿಂದ ಕರೆದರೆ ಬೇಗ ತಿರುಗುತ್ತಾರೆ ಅಂತ ಗಮನಿಸಿ ನೋಡಿ. (ತಲೆಯ ಮರೆ ಅಂದೆನಲ್ಲ, ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.)

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಥ ಕಿವಿ ಇಟ್ಟುಕೊಂಡು ಸ್ಟೀರಿಯೋ ಮುಂದೆ ಕೂತರೆ ಏನಾಗುತ್ತೆ?

ಮಲ್ಲಿಕಾರ್ಜುನ ಮನ್ಸೂರರ ಒಂದು ಹಳೆಯ ಮೊನೊ ಧ್ವನಿಮುದ್ರಣ ಹಾಕಿ. ಮೊನೊ ಅಂದ ಮೇಲೆ ಎರಡೂ ಸ್ಪೀಕರಿನಿಂದ ಬರುವುದು ಒಂದೇ ಧ್ವನಿ. ಸರಿಯಾದ ಕಿವಿ ಇರುವವರಿಗೆ ಮನ್ಸೂರರು ಎರಡು ಸ್ಪೀಕರಿನ ನಟ್ಟನಡುವೆ, ಖಾಲಿ ಗೋಡೆಯ ಮುಂದೆ ಕೂತು ಹಾಡಿದ ಹಾಗೆ ಕೇಳಿಸಬೇಕು. ನನಗೆ ಹೇಗೆ ಕೇಳುತ್ತೆ ಗೊತ್ತೇ? ಅವರ ದನಿಯ ಒಡಲು ನಡುವೆ ಇರುತ್ತೆ. ಆದರೆ ವ್ಯಂಜನಗಳೆಲ್ಲ, ಉಸಿರೆಳೆದುಕೊಂಡ ಸದ್ದೆಲ್ಲ ಬಲಗಡೆ ಸರಿದು ಹೋಗಿರುತ್ತೆ. ತಂಬೂರಿಯ ಜವಾರಿಯಂತೂ (ನಾಟಿ ಕೋಳಿಯ ಜವಾರಿ ಅಲ್ಲ, ತಂತಿ ಕುದುರೆಯ ಮೇಲೆ ಸವರಿ ಹುಟ್ಟಿಸುವ ಆ ಝೇಂಕಾರ) ಪೂರ್ತಿ ಬಲ ಸ್ಪೀಕರಿನೊಳಗೆ ಹೋಗಿ ಕೂತುಬಿಟ್ಟಿರುತ್ತೆ. ಒಬ್ಬನೇ ಮನುಷ್ಯ ಹೊಟ್ಟೆಯಿಂದ ಒಂದು ಕಡೆ, ಹಲ್ಲಿನಿಂದ ಇನ್ನೊಂದು ಕಡೆ ಹಾಡಿದ ಹಾಗೆ!!

ವಾಲ್ಯೂಮ್ ಜಾಸ್ತಿ ಮಾಡ್ಕೋ ಅನ್ನುತ್ತಾರೆ. ಮನೆಯವರು, ಸ್ನೇಹಿತರು, ಎಲ್ಲರೂ ಕೊಡುವ ಮೊದಲನೇ ಸಲಹೆ ಇದು. ವಾಲ್ಯೂಮ್ ಏರಿಸಿದರೆ ಎರಡೂ ಕಡೆ ಏರುತ್ತೆ, ಬೇಸೂ ಏರುತ್ತೆ, ಟ್ರೆಬಲ್ಲೂ ಏರುತ್ತೆ. ಕೇಳದಿದ್ದ ಒಂದು ಚೂರಿಗಾಗಿ ಚೆನ್ನಾಗಿ ಕೇಳುತ್ತಿದ್ದ ಮುಕ್ಕಾಲು ಪಾಲನ್ನು ಕಿರುಚಿಸಿದ ಹಾಗಾಯಿತು. ಜೊತೆಗೆ ಉಳಿದಿರುವ ಒಳ್ಳೆಯ ಕಿವಿಗೂ ಕುತ್ತು. ಅಮೆರಿಕದಲ್ಲಿ ಕೆಲಸದ ಜಾಗಗಳಿಗೆ ಶಿಫಾರಸು ಮಾಡಿರುವ ಲೆಕ್ಕದ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು; ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತೆ. 94 ಆದರೆ ಒಂದೇ ಗಂಟೆ. ಇರುವ ಒಂದೂವರೆ ಕಿವಿಯನ್ನು ಒಂದು ಮಾಡಿಕೊಳ್ಳುವ ಉಪಾಯ ಇದು, ಅಷ್ಟೇ.

ಬ್ಯಾಲೆನ್ಸ್ ನಾಬ್ ತಿರುಗಿಸಿದರೆ? ಅದು ಇದ್ದರೆ ತಾನೆ! ಇದ್ದರೂ ಅದರಿಂದ ಅರ್ಧ ಕೆಲಸ ಮಾತ್ರ ಆಗುತ್ತೆ. ತಂಬೂರಿ ನಡುವಿಗೆ ಬರುವಷ್ಟು ಎಡಕ್ಕೆ ತಿರುಗಿಸಿದರೆ ಮನ್ಸೂರರ ದನಿಯ ಒಡಲು ಎಡಗಡೆಗೆ ಜಾರುತ್ತೆ, ಯಾಕೆಂದರೆ ಕೆಳಗಿನ ಸ್ವರಗಳಲ್ಲಿ ನನ್ನ ಕಿವಿಗಳಿಗೆ ಜಗಳವೇ ಇಲ್ಲವಲ್ಲ. ಕುರ್ಚಿಯನ್ನು ಎಡ ಸ್ಪೀಕರಿನ ಕಡೆ ಸರಿಸಿದರೂ ಅದೇ ಗತಿ. ಬೇಕಾಗಿರುವುದು ಎಡ ಚಾನೆಲ್ಲಿಗೆ ಮಾತ್ರ, 2000 ಹರ್ಟ್ಜಿನ ಮೇಲೆ ಮಾತ್ರ, ಅಳತೆ ನೋಡಿ ಕೊಡುವ ಏರಿಕೆ. ಬಲಕ್ಕೊಂದು ಎಡಕ್ಕೊಂದು ಬೇರೆ ಬೇರೆ ಈಕ್ವಲೈಸರ್. ಕಿವಿಗೆ ಕನ್ನಡಕ, ಇನ್ನೇನಿಲ್ಲ.

ಇಲ್ಲಿಗೆ ಬರುತ್ತಾರೆ ನೋಡಿ ನಮ್ಮ ಆಡಿಯೋ ಮಡಿವಂತರು. ಇವರ ಮಡಿ-ಮೈಲಿಗೆಯ ಮುಂದೆ ನಮ್ಮ ಅಜ್ಜಿಯ ಅಡುಗೆಮನೆ ಏನೂ ಅಲ್ಲ. ಸಿಗ್ನಲ್ ಏನನ್ನೂ ಮುಟ್ಟಬಾರದು. ಟೋನ್ ಕಂಟ್ರೋಲ್ ಮುಟ್ಟಿದರೆ ಮೈಲಿಗೆ, ಬ್ಯಾಲೆನ್ಸ್ ಮುಟ್ಟಿದರೆ ಮೈಲಿಗೆ, ಈಕ್ವಲೈಸರ್ ಅಂದರೆ ಮಹಾಪಾಪ. ಕೆಲವು ಆಂಪ್ಲಿಫೈಯರುಗಳಲ್ಲಿ "ಡೈರೆಕ್ಟ್" ಅಂತ ಒಂದು ಗುಂಡಿಯೇ ಇರುತ್ತೆ, ಒತ್ತಿದರೆ ಬೇಸ್-ಟ್ರೆಬಲ್ ಎಲ್ಲ ದಾರಿಯಿಂದ ಪಕ್ಕಕ್ಕೆ ಸರಿಯುತ್ತವೆ. ಅದಕ್ಕೆ ನಾನು ಮಡಿ ಗುಂಡಿ ಅಂತ ಹೆಸರಿಟ್ಟಿದ್ದೇನೆ.

ತಮಾಷೆ ಏನು ಅಂದರೆ, ಇದೇ ಜನ ತಲೆ ಮೇಲೆ ಹೊತ್ತು ಮೆರೆಸುವ ಎಲ್‌ಪಿ ತಟ್ಟೆ ಇದೆಯಲ್ಲ, ಅದು ಈಕ್ವಲೈಸರ್ ಇಲ್ಲದೆ ಕೇಳಲಿಕ್ಕೇ ಆಗುವುದಿಲ್ಲ. ತಟ್ಟೆ ಕೊರೆಯುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸುತ್ತಾರೆ. ಕೇಳುವಾಗ ಫೋನೋ ಸ್ಟೇಜ್ ಅದನ್ನು ತಿರುಗಾಮುರುಗಾ ಮಾಡಿ ಸರಿಪಡಿಸುತ್ತೆ. 1954ರಿಂದ ಆರ್‌ಐಎಎ ಅನ್ನುವ ಒಂದೇ ಗೆರೆ ರೂಢಿಗೆ ಬಂತು. ಆ ಗೆರೆಯ ಎರಡು ತುದಿಗಳಲ್ಲಿ ತಿದ್ದುವ ಪ್ರಮಾಣ ಸುಮಾರು 20 ಡೆಸಿಬೆಲ್! ನಾನು ಕೇಳುತ್ತಿರುವುದು ಅದರ ಅರ್ಧಕ್ಕೂ ಕಡಿಮೆ. ತಟ್ಟೆಯ ಕೊರತೆಗೆ 20 ಡೆಸಿಬೆಲ್ ತಿದ್ದಿದರೆ ಪವಿತ್ರ, ಕಿವಿಯ ಕೊರತೆಗೆ 9 ಡೆಸಿಬೆಲ್ ತಿದ್ದಿದರೆ ಅಪವಿತ್ರ. ಇದು ಯಾವ ನ್ಯಾಯ?

ಇನ್ನು "ಕಲಾವಿದರ ಉದ್ದೇಶ" ಅನ್ನುವ ದೊಡ್ಡ ಮಾತು. ಮನ್ಸೂರರು ಹಾಡಿದ್ದು ಎದುರಿಗೆ ಕೂತ ಮನುಷ್ಯರಿಗೆ ಕೇಳಲಿ ಅಂತ. ತಂಬೂರಿ ಶ್ರುತಿ ಮಾಡಿದ್ದು ಕೇಳುವವರ ತಲೆಯೊಳಗೆ ಅದು ಝೇಂಕರಿಸಲಿ ಅಂತ. ಧ್ವನಿ ಸ್ಪೀಕರಿನ ಬಾಯಲ್ಲಿ ಸರಿಯಾಗಿದ್ದು ನನ್ನ ಮಿದುಳು ಮುಟ್ಟುವಷ್ಟರಲ್ಲಿ ಅರ್ಧ ಕಳೆದುಹೋದರೆ ಯಾರ ಉದ್ದೇಶ ನೆರವೇರಿತು? 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟರು: ಸದ್ದು ಮೆಲ್ಲಗಾದಂತೆ ಎಲ್ಲ ಮನುಷ್ಯರ ಕಿವಿಯೂ ಬೇಸನ್ನು ಹೆಚ್ಚು ಹೆಚ್ಚು ಬಿಟ್ಟುಕೊಡುತ್ತೆ. ಅಂದರೆ ಅದೇ ಹಾಡನ್ನು ರಾತ್ರಿ ಸಣ್ಣಗೆ ಕೇಳಿದರೆ, ಆರೋಗ್ಯದ ಕಿವಿಗೂ ಅದು ಸ್ಟುಡಿಯೋದಲ್ಲಿ ಕೇಳಿದ ಹಾಡಲ್ಲ. ಅದಕ್ಕೇ ಹಳೆಯ ಆಂಪ್ಲಿಫೈಯರುಗಳಲ್ಲಿ ಲೌಡ್‌ನೆಸ್ ಅಂತ ಒಂದು ಗುಂಡಿ ಇರುತ್ತಿತ್ತು. ಕಿವಿ ಯಂತ್ರ ಅಲ್ಲ ಅಂತ ಒಪ್ಪಿಕೊಂಡಿದ್ದ ಕಾಲ ಅದು.

ಈಗಿನ ಹೋಂ ಥಿಯೇಟರ್ ರಿಸೀವರುಗಳ ಕಥೆ ಕೇಳಿ. ಪೆಟ್ಟಿಗೆಯಲ್ಲಿ ಒಂದು ಪುಟ್ಟ ಮೈಕ್ ಕೊಟ್ಟಿರುತ್ತಾರೆ. ಅದನ್ನು ನಿಮ್ಮ ಸೋಫಾದ ಮೇಲೆ, ಕಿವಿ ಬರುವ ಎತ್ತರಕ್ಕೆ ಇಡಬೇಕು. ಸ್ಪೀಕರುಗಳು ಒಂದೊಂದಾಗಿ ಕೂಗುತ್ತವೆ, ರಿಸೀವರ್ ಲೆಕ್ಕ ಹಾಕಿ ಕೋಣೆಯ ತಪ್ಪು, ಪರದೆಯ ತಪ್ಪು, ಮೂಲೆಯ ತಪ್ಪು ಎಲ್ಲ ತಿದ್ದುತ್ತೆ. ಮಡಿವಂತರಲ್ಲೂ ಸುಮಾರು ಜನ ಇದನ್ನು ಒಪ್ಪಿಕೊಂಡಾಗಿದೆ. ಆದರೆ ಧ್ವನಿಯನ್ನು ಅಷ್ಟು ಜೋಪಾನವಾಗಿ ಕೈಹಿಡಿದು ಕರೆತಂದು, ಕಿವಿಯ ಬಾಗಿಲಲ್ಲಿ ಬಿಟ್ಟು ವಾಪಸ್ ಹೋಗಿಬಿಡುತ್ತಾರೆ! ಗೋಡೆಯ ವಕ್ರವನ್ನು ತಿದ್ದಬಹುದು, ಕಿವಿಯ ವಕ್ರವನ್ನು ತಿದ್ದಬಾರದು. ಅದೇ ರಿಸೀವರಿಗೆ ಇನ್ನೊಂದು ಹತ್ತು ಅಂಕಿ ಊಡಿಸಲು ಒಂದು ಪುಟ ಕೊಟ್ಟಿದ್ದರೆ ಮುಗಿದಿತ್ತು. ಲೆಕ್ಕ ಮಾಡುವ ಚಿಪ್ ಆಗಲೇ ಒಳಗೆ ಕೂತಿದೆ.

ಆಗದ ಕೆಲಸ ಅಂತ ಅನ್ನಬೇಡಿ. 2013ರಲ್ಲೇ ಸ್ಯಾಮ್‌ಸಂಗಿನ ಗ್ಯಾಲಕ್ಸಿ ಎಸ್4 ಫೋನಿನಲ್ಲಿ "ಅಡಾಪ್ಟ್ ಸೌಂಡ್" ಅಂತ ಬಂತು. ಇಯರ್‌ಫೋನ್ ಹಾಕಿಕೊಂಡು ಕೂತರೆ ಎರಡೂ ಕಿವಿಗಳನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಅದಕ್ಕೆ ತಕ್ಕ ಹಾಗೆ ಹಾಡನ್ನು ತಿದ್ದುತ್ತಿತ್ತು. 2020ರಲ್ಲಿ ಆಪಲ್ ತನ್ನ ಐಫೋನಿನಲ್ಲಿ ಆಡಿಯೋಗ್ರಾಮ್ ನೋಡಿ ಹೆಡ್‌ಫೋನಿನ ಧ್ವನಿ ಹೊಂದಿಸುವ ಸೌಲಭ್ಯ ಕೊಟ್ಟಿತು. 2024ರಲ್ಲಿ ಅದರ ಏರ್‌ಪಾಡ್ಸ್ ಪ್ರೊ 2 ಕಿವಿ ಯಂತ್ರದ ಕೆಲಸವನ್ನೇ ಮಾಡಲು ಅಮೆರಿಕದ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಜೇಬಿನ ಫೋನಿಗೆ ಬರುವ ವಿದ್ಯೆ ಹಾಲಿನಲ್ಲಿ ಕೂತ, ನಾಲ್ಕು ಪಟ್ಟು ದುಡ್ಡಿನ, ಹತ್ತು ಪಟ್ಟು ತೂಕದ ಪೆಟ್ಟಿಗೆಗೆ ಯಾಕೆ ಬರುವುದಿಲ್ಲ?

ಫೋನಿನವರನ್ನೂ ಪೂರ್ತಿ ಹೊಗಳಲಾರೆ. ಎಡ-ಬಲ ಹೊಂದಿಸುವ ಆ ಗೆರೆಯನ್ನು ಎಲ್ಲಿಟ್ಟಿದ್ದಾರೆ ನೋಡಿ. ವಾಲ್ಯೂಮಿನ ಪಕ್ಕದಲ್ಲಿ ಅಲ್ಲ. ಸೆಟ್ಟಿಂಗ್ಸ್ ಒಳಗೆ, ಆಕ್ಸೆಸಿಬಿಲಿಟಿ ಅನ್ನುವ ಮನೆಯೊಳಗೆ, ಅದರೊಳಗಿನ ಇನ್ನೊಂದು ಕೋಣೆಯಲ್ಲಿ. ನಮ್ಮ ಕಾಲದ ಟೇಪ್ ರೆಕಾರ್ಡರಿನಲ್ಲಿ, ಕಾರಿನ ಸ್ಟೀರಿಯೋದಲ್ಲಿ ಅದು ಎಲ್ಲರ ಕಣ್ಣೆದುರಿಗೆ ಇರುತ್ತಿತ್ತು. ಸ್ಟೀರಿಯೋ ಅಂದ ಮೇಲೆ ಬ್ಯಾಲೆನ್ಸ್ ಇರಲೇಬೇಕು ಅಂತ ಇತ್ತು. ಈಗ ಸೌಂಡ್‌ಬಾರ್ ತಗೊಳ್ಳಿ, ಬ್ಲೂಟೂತ್ ಸ್ಪೀಕರ್ ತಗೊಳ್ಳಿ, ಬಹುಪಾಲು ಪೆಟ್ಟಿಗೆಗಳ ಮೇಲೆ ಎರಡು ಗುಂಡಿ: ಪ್ಲಸ್ಸು, ಮೈನಸ್ಸು. ಬೇಕಾದರೆ "ಸಿನಿಮಾ", "ಪಾರ್ಟಿ" ಅಂತ ಎರಡು ತಯಾರಿ ಮಸಾಲೆ. ನಾಬ್ ತೆಗೆದರೆ ನಾಲ್ಕು ಕಾಸು ಉಳಿಯುತ್ತೆ, ನೋಡಲಿಕ್ಕೂ ಸಪಾಟಾಗಿ ಚೆಂದ ಕಾಣುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಪ್ರಪಂಚದಲ್ಲಿ 150 ಕೋಟಿಗೂ ಹೆಚ್ಚು ಜನಕ್ಕೆ ಒಂದಲ್ಲ ಒಂದು ಮಟ್ಟದ ಶ್ರವಣ ದೋಷ ಇದೆ. 2050ರ ಹೊತ್ತಿಗೆ ಸುಮಾರು 250 ಕೋಟಿ ಆಗಬಹುದಂತೆ. ಇಷ್ಟು ಗಿರಾಕಿಗಳನ್ನು ಬಿಟ್ಟುಕೊಟ್ಟು ಯಾರಿಗೆ ವ್ಯಾಪಾರ ಮಾಡುತ್ತಾರೋ ಆ ದೇವರೇ ಬಲ್ಲ. ದುಬಾರಿ ಆಡಿಯೋ ಕೊಳ್ಳುವಷ್ಟು ದುಡ್ಡು ಕೈಗೆ ಬರುವುದೇ ಐವತ್ತು ದಾಟಿದ ಮೇಲೆ, ಅಷ್ಟು ಹೊತ್ತಿಗೆ ಮೇಲಿನ ಸ್ವರಗಳು ಒಂದೊಂದಾಗಿ ಬೀಳ್ಕೊಟ್ಟಿರುತ್ತವೆ :-)

ಈಗ ನಿಜವಾಗಿ ಯೋಚಿಸಬೇಕಾದ ಆಕ್ಷೇಪಣೆಗಳು. ಮಡಿವಂತರದ್ದಲ್ಲ, ತಿಳಿದವರದ್ದು.

ಮೊದಲನೆಯದು: ಹೆಡ್‌ಫೋನಾದರೆ ಸರಿ, ಎಡದ್ದು ಎಡಗಿವಿಗೇ ಹೋಗುತ್ತೆ. ಸ್ಪೀಕರಿನಲ್ಲಿ ಎಡ ಪೆಟ್ಟಿಗೆಯ ಸದ್ದು ಎರಡೂ ಕಿವಿಗೆ ಬರುತ್ತಲ್ಲ, ಎಡ ಚಾನೆಲ್ ಏರಿಸಿ ಏನು ಪ್ರಯೋಜನ? ಇಲ್ಲಿ ಆ ಬಂದೂಕಿನವರನ್ನು ನೆನಪು ಮಾಡಿಕೊಳ್ಳಿ. ಬೇಸಿನ ಅಲೆಗಳು ಉದ್ದ, ತಲೆಯನ್ನು ಸುತ್ತಿ ಬಳಸಿ ಆಚೆ ಕಿವಿಗೂ ಹೋಗುತ್ತವೆ. ಆದರೆ ಸುಮಾರು 1500 ಹರ್ಟ್ಜಿನ ಮೇಲಿನ ಗಿಡ್ಡ ಅಲೆಗಳಿಗೆ ತಲೆಯೇ ಗೋಡೆ. 4000 ಹರ್ಟ್ಜಿನ ಅಲೆಯ ಉದ್ದ ಒಂಬತ್ತು ಸೆಂಟಿಮೀಟರಿಗಿಂತ ಕಡಿಮೆ, ತಲೆಯ ಅಗಲಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಎಡ ಸ್ಪೀಕರಿನ ಟ್ರೆಬಲ್ ಎಡಗಿವಿಗೆ ಹೆಚ್ಚು, ಬಲಗಿವಿಗೆ ಕಡಿಮೆ ಮುಟ್ಟುತ್ತೆ. ನನ್ನ ಕೊರತೆ ಇರುವುದು ಅಲ್ಲೇ, ತಲೆ ನೆರಳು ಕೊಡುವುದೂ ಅಲ್ಲೇ! ಹೆಡ್‌ಫೋನಿನಷ್ಟು ಅಚ್ಚುಕಟ್ಟಲ್ಲ, ಒಪ್ಪಿದೆ. ಆದರೆ ಕೆಲಸ ಮಾಡುತ್ತೆ.

ಎರಡನೆಯದು ಇನ್ನೂ ಗಟ್ಟಿ ಮಾತು. ಒಳಗಿವಿಯ ಕೂದಲ ಕಣಗಳು ಸತ್ತಿವೆ, ಸದ್ದು ಏರಿಸಿದ ಮಾತ್ರಕ್ಕೆ ಅವು ಎದ್ದು ಕೂರುವುದಿಲ್ಲ. ಮೇಲಾಗಿ ಇಂಥ ಕಿವಿಗೆ ಒಂದು ವಿಚಿತ್ರ ಸ್ವಭಾವ. ಮೆಲ್ಲಗಿನ ಸದ್ದು ಕೇಳುವುದೇ ಇಲ್ಲ, ಆದರೆ ಜೋರು ಸದ್ದು ಬೇರೆಯವರಿಗೆ ಕೇಳುವಷ್ಟೇ ಜೋರಾಗಿ ಕೇಳುತ್ತೆ. ಅಜ್ಜನಿಗೆ "ಸ್ವಲ್ಪ ಜೋರಾಗಿ ಹೇಳೋ" ಅನ್ನಿಸುವುದೂ, ಜೋರಾಗಿ ಹೇಳಿದರೆ "ಯಾಕೋ ಕಿರುಚ್ತೀಯ" ಅನ್ನಿಸುವುದೂ ಇದೇ. ಆದ್ದರಿಂದ ಎರಡು ಕಿವಿಗಳ ನಡುವೆ 30 ಡೆಸಿಬೆಲ್ ಅಂತರ ಇದೆ ಅಂತ 30 ಡೆಸಿಬೆಲ್ ಏರಿಸಿದರೆ ಕೆಟ್ಟಿತು. ಕಿವಿ ಯಂತ್ರದವರಿಗೆ ಇದು ಹಳೆಯ ಪಾಠ. 1940ರ ದಶಕದಲ್ಲೇ ಅಮೆರಿಕದ ಸ್ಯಾಮ್ಯುಯೆಲ್ ಲೈಬಾರ್ಗರ್ ಅನ್ನುವವರು ಕೊರತೆಯ ಅರ್ಧದಷ್ಟು ಮಾತ್ರ ಏರಿಸಿ ಅನ್ನುವ ಸೂತ್ರ ಹೇಳಿದ್ದರು. ನನ್ನ ಎಡ ಚಾನೆಲ್ಲಿನಲ್ಲಿ 2000 ಹರ್ಟ್ಜಿಗೆ 4 ಡೆಸಿಬೆಲ್, 4000ಕ್ಕೆ 9, 8000ಕ್ಕೆ 6 ಏರಿಸಿದ್ದೇನೆ. ಅರ್ಧಕ್ಕಿಂತಲೂ ಕಡಿಮೆ. ಇಷ್ಟಕ್ಕೇ ಮನ್ಸೂರರು ಬಹುಮಟ್ಟಿಗೆ ಒಂದು ಕಡೆ ಬಂದು ಕೂತರು. ಸತ್ತ ಕಣ ಬದುಕಲಿಲ್ಲ ನಿಜ, ಕನ್ನಡಕ ಹಾಕಿದರೆ ಕಣ್ಣಿನ ಪೊರೆಯೂ ಹೋಗುವುದಿಲ್ಲ. ಹಾಗಂತ ಕನ್ನಡಕ ಬೇಡ ಅನ್ನುತ್ತೀರಾ?

ಮೂರನೆಯ ಆಕ್ಷೇಪಣೆ ನನ್ನ ಹೆಂಡತಿಯದ್ದು. "ನಿಮ್ಮ ಕಿವಿಗೆ ಸರಿ ಮಾಡ್ಕೊಂಡ್ರೆ ನನ್ನ ಕಿವಿ ಗತಿ ಏನ್ರೀ? ಎಡಗಡೆಯಿಂದ ಸೀಟಿ ಹೊಡೆದ ಹಾಗಾಗುತ್ತೆ." ಇದಕ್ಕೆ ಉತ್ತರ ಇಲ್ಲ. ಎರಡು ಸೆಟ್ಟಿಂಗ್ ಮಾಡಿ ಇಟ್ಟಿದ್ದೇನೆ, ಒಂದು ಅವಳದ್ದು, ಒಂದು ನನ್ನದು. ಇಬ್ಬರೂ ಕೂತಾಗ ಅವಳದ್ದು. ಹಾಡು ಕೇಳುವುದು ನಮ್ಮ ಮನೆಯಲ್ಲಿ ಹೆಚ್ಚಾಗಿ ನಾನೊಬ್ಬನೇ, ಆದ್ದರಿಂದ ಸಂಸಾರ ನಡೆದಿದೆ.

ಇದನ್ನೆಲ್ಲ ಮಾಡಲು ನನಗೆ ಆದ ಖರ್ಚು ಹೆಚ್ಚಿಲ್ಲ. ಹಳೆಯ ಕಂಪ್ಯೂಟರ್ ಒಂದನ್ನು ಆಂಪ್ಲಿಫೈಯರಿಗೆ ಜೋಡಿಸಿದ್ದೇನೆ. ವಿಂಡೋಸಿಗೆ ಈಕ್ವಲೈಸರ್ ಎಪಿಓ ಅಂತ, ಲಿನಕ್ಸಿಗೆ ಈಸಿ ಎಫೆಕ್ಟ್ಸ್ ಅಂತ ತಂತ್ರಾಂಶಗಳಿವೆ, ಎರಡೂ ಉಚಿತ, ಎರಡರಲ್ಲೂ ಎಡ-ಬಲ ಬೇರೆ ಬೇರೆ ತಿದ್ದಬಹುದು. ಕಂಪ್ಯೂಟರ್ ಬೇಡ ಅನ್ನುವವರು ಎಡ-ಬಲಕ್ಕೆ ಪ್ರತ್ಯೇಕ ಪಟ್ಟಿಗಳಿರುವ ಹಳೆಯ ಗ್ರಾಫಿಕ್ ಈಕ್ವಲೈಸರ್ ಸೆಕೆಂಡ್ ಹ್ಯಾಂಡ್ ಹುಡುಕಬಹುದು. ಹೊಂದಿಸಲು ಹಾಡು ಬೇಡ, ಪಟ್ಟಿಪಟ್ಟಿಯಾಗಿ ಕತ್ತರಿಸಿದ ಶಬ್ದ ಬೇಕು: 500ರ ಸುತ್ತಲಿನ ಶ್ಶ್ ಸದ್ದು, 1000ದ್ದು, 2000ದ್ದು, ಹೀಗೆ. ಬರೀ ಸ್ವರ ಹಾಕಿದರೆ ಕೋಣೆಯ ಗೋಡೆಗಳಿಗೆ ಬಡಿದು ತಲೆ ಅಲ್ಲಾಡಿಸಿದ ಕಡೆಯೆಲ್ಲ ಬೇರೆ ಕೇಳುತ್ತೆ. ಒಂದೇ ಶಬ್ದವನ್ನು ಎರಡೂ ಸ್ಪೀಕರಿಗೆ ಕಳಿಸಿ, ಕಣ್ಣು ಮುಚ್ಚಿ, ಅದು ಎಲ್ಲಿ ಕೂತಿದೆ ಅಂತ ಬೆರಳು ತೋರಿಸಿ. ಬಲಕ್ಕೆ ಸರಿದಿದ್ದರೆ ಆ ಪಟ್ಟಿಯಲ್ಲಿ ಎಡವನ್ನು ಒಂದೊಂದೇ ಡೆಸಿಬೆಲ್ ಏರಿಸಿ. ನೀವು ದಿನಾ ಕೇಳುವ ವಾಲ್ಯೂಮಿನಲ್ಲೇ ಇದನ್ನು ಮಾಡಬೇಕು, ಏಕೆಂದರೆ ಆಗಲೇ ಹೇಳಿದ ಆ ವಿಚಿತ್ರ ಸ್ವಭಾವದಿಂದ ವಾಲ್ಯೂಮ್ ಏರಿದಷ್ಟೂ ಕಿವಿಗಳ ಅಂತರ ಕುಗ್ಗುತ್ತೆ. ಇನ್ನೊಂದು ಮಾತು. 9 ಡೆಸಿಬೆಲ್ ಏರಿಕೆ ಅಂದರೆ ಆ ಪಟ್ಟಿಯಲ್ಲಿ ಎಂಟು ಪಟ್ಟು ಪವರ್. ತಂತ್ರಾಂಶದಲ್ಲಿ ಒಟ್ಟು ಮಟ್ಟವನ್ನು ಮೊದಲು 9 ಡೆಸಿಬೆಲ್ ಇಳಿಸಿಕೊಂಡೇ ಶುರು ಮಾಡಿ, ಇಲ್ಲದಿದ್ದರೆ ಸದ್ದು ಒಡೆಯುತ್ತೆ. ಆಮೇಲೆ ವಾಲ್ಯೂಮ್ ಹುಚ್ಚಾಪಟ್ಟೆ ಏರಿಸಿದರೆ ಎಡ ಸ್ಪೀಕರಿನ ಟ್ವೀಟರ್ ಸುಟ್ಟು ಕೂರುತ್ತೆ.

ಮೊದಲ ಎರಡು ದಿನ ಎಡಗಡೆ ಏನೋ ತಗಡು ಬಡಿದ ಹಾಗೆ ಅನ್ನಿಸಿತು. ಇಷ್ಟು ವರ್ಷ ಕಾಣದ ನೆಂಟ ಬಂದರೆ ಹಾಗೇ ಅಲ್ಲವೇ. ಎರಡು ವಾರ ಬಿಟ್ಟು ನೋಡಿ, ಆಮೇಲೆ ತೀರ್ಮಾನ ಮಾಡಿ.

"ಸುಮ್ಮನೆ ಕಿವಿ ಯಂತ್ರ ಹಾಕಿಸ್ಕೊಳ್ರೀ" ಅನ್ನುವವರಿಗೂ ಒಂದು ಮಾತು. ಬೇಕಾದವರು ಖಂಡಿತಾ ಹಾಕಿಸಿಕೊಳ್ಳಿ, ನಾಚಿಕೆ ಬೇಡ. ಮಾತು ಕೇಳಲು ಅದಕ್ಕಿಂತ ಒಳ್ಳೆಯದಿಲ್ಲ. ಸಾಲು, ಕಾಲು, ಹಾಲು ಈ ಮೂರರ ವ್ಯತ್ಯಾಸ ಇರುವುದು ಮೊದಲನೇ ವ್ಯಂಜನದ ಸಣ್ಣ ಸದ್ದಿನಲ್ಲಿ. ಅದು ತಪ್ಪಿದರೆ ಮಾತು ಕೇಳುತ್ತೆ, ಅರ್ಥ ಆಗುವುದಿಲ್ಲ. ಆದರೆ ಆ ಯಂತ್ರಗಳನ್ನು ಮೊದಲು ಮಾಡಿದ್ದೇ ಮಾತಿಗಾಗಿ. ಅದರೊಳಗೆ ಸೀಟಿ ತಡೆಯುವ ಒಂದು ವ್ಯವಸ್ಥೆ ಇರುತ್ತೆ. ಕೊಳಲೋ ತಂಬೂರಿಯೋ ಒಂದೇ ಸ್ವರ ಎಳೆದರೆ ಅದನ್ನೂ ಸೀಟಿ ಅಂತಲೇ ತಿಳಿದು ಕತ್ತರಿಸಲು ಹೋಗಿ ಸ್ವರ ನಡುಗಿಸಿಬಿಡುತ್ತೆ. ಸಂಗೀತಕ್ಕೆ ಅಂತ ಬೇರೆ ಪ್ರೋಗ್ರಾಂ ಹಾಕಿಕೊಡಿ ಅಂತ ಆಡಿಯಾಲಜಿಸ್ಟರನ್ನು ಕೇಳಬೇಕು. ಕೇಳದೆ ಅವರು ಕೊಡುವುದು ಕಡಿಮೆ.

ನನಗೆ ಇಷ್ಟೆಲ್ಲ ಬರೆಯಬೇಕು ಅನ್ನಿಸಿದ್ದು ಅಂಗಡಿಯ ಹುಡುಗನಿಂದ ಅಲ್ಲ. ನಮ್ಮ ಸೋದರಮಾವ ಒಬ್ಬರಿದ್ದರು, ಧಾರವಾಡದವರು. ಮನೆ ತುಂಬಾ ಕ್ಯಾಸೆಟ್ಟು. ರಜೆಗೆ ಹೋದಾಗ ನಮಗೆಲ್ಲ ತಂಬೂರಿ ಕೇಳಲು ಕಲಿಸಿದ್ದು ಅವರೇ: "ಹಾಡು ಬಿಡೋ, ಹಿಂದ ಏನ್ ನಡದದ ಕೇಳು" ಅನ್ನುತ್ತಿದ್ದರು. ಅರವತ್ತೈದರ ಸುಮಾರಿಗೆ, ಈಗಿನ ಸ್ಪೀಕರು ಸರಿಯಿಲ್ಲ, ಟೇಪಿನ ಹೆಡ್ಡು ಸವೆದಿದೆ ಅನ್ನಲು ಶುರು ಮಾಡಿದರು. ಹೆಡ್ ಬದಲಾಯಿಸಿದರು, ಸ್ಪೀಕರ್ ಬದಲಾಯಿಸಿದರು. ಆಮೇಲೆ ಕ್ಯಾಸೆಟ್ಟಿನ ಪೆಟ್ಟಿಗೆಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಕೊನೆಯ ಎಂಟು ವರ್ಷ ಆ ಮನೆಯಲ್ಲಿ ಸಂಗೀತ ಇರಲಿಲ್ಲ. ಅವರ ಕಿವಿ ಪರೀಕ್ಷೆ ಮಾಡಿಸಿದ್ದು ಮಾತು ಕೇಳದೆ ಫಜೀತಿ ಆದ ಮೇಲೆ, ತೀರ ಕೊನೆಯಲ್ಲಿ. ಎಡಕ್ಕೂ ಬಲಕ್ಕೂ ಅಜಗಜಾಂತರ. ಟೇಪಿನ ಹೆಡ್ಡು ಸವೆದಿರಲಿಲ್ಲ. ಟ್ರೆಬಲ್ ಏರಿಸಿಕೊಳ್ಳಿ ಅಂತ ಒಬ್ಬರಾದರೂ ಅವರಿಗೆ ಹೇಳಿದ್ದರೆ? ಅವರ ಟೇಪ್ ರೆಕಾರ್ಡರಿನಲ್ಲಿ ಆ ನಾಬ್ ಇತ್ತು. ಮುಟ್ಟಬಾರದು, ನಡುವಿನಲ್ಲೇ ಇರಬೇಕು ಅಂತ ಅವರಿಗೂ ಯಾರೋ ಹೇಳಿಕೊಟ್ಟಿದ್ದರು.

ಆದ್ದರಿಂದ ತಯಾರಕರಿಗೆ ನಾನು ಕೇಳುವುದು ದೊಡ್ಡದೇನಲ್ಲ. ಬ್ಯಾಲೆನ್ಸನ್ನು ವಾಲ್ಯೂಮಿನ ಪಕ್ಕಕ್ಕೆ ತನ್ನಿ. ಈಕ್ವಲೈಸರ್ ಇಟ್ಟಿದ್ದರೆ ಅದನ್ನು ಎಡ-ಬಲ ಅಂತ ಬೇರೆ ಮಾಡಿ. ಆಡಿಯೋಗ್ರಾಮಿನ ಅಂಕಿಗಳನ್ನು ತುಂಬಿಸಲು ಒಂದು ಪುಟ ಕೊಡಿ. ಅಂಗಡಿಯವರು ಗಿರಾಕಿಗೆ ಕೇಬಲ್ ತೋರಿಸುವ ಮೊದಲು "ಕಿವಿ ಟೆಸ್ಟ್ ಮಾಡಿಸಿದ್ದೀರಾ ಸಾರ್" ಅಂತ ಒಂದು ಮಾತು ಕೇಳಲಿ. ಕೇಳುಗರೂ ಅಷ್ಟೇ, ಅಂಗಡಿಗೆ ಹೋದಾಗ ವ್ಯಾಟ್ ಎಷ್ಟು ಅಂತ ಕೇಳುವ ಬದಲು ಬ್ಯಾಲೆನ್ಸ್ ಎಲ್ಲಿದೆ ಅಂತ ಜೋರಾಗಿ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿಗಬಹುದು.

ಅಂದ ಹಾಗೆ, ಪರೀಕ್ಷೆ ಮಾಡಿಸುವುದು ಕಷ್ಟವೇನಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಬೇರೆ ಊರುಗಳಲ್ಲಿ ಇಎನ್‌ಟಿ ಡಾಕ್ಟರ ಬಳಿ ಹೋದರೆ ದಾರಿ ತೋರಿಸುತ್ತಾರೆ. ಮೊದಲು ಗುಗ್ಗೆ ಇದೆಯಾ ನೋಡಿಸಿ, ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತೆ. ಆಡಿಯೋಗ್ರಾಮಿನ ಪ್ರತಿ ಕೇಳಿ ತಗೊಳ್ಳಿ, ಕನ್ನಡಕದ ಚೀಟಿ ಇಟ್ಟುಕೊಳ್ಳುವ ಹಾಗೆ. ಮತ್ತೆ ಇದೊಂದನ್ನು ಮರೆಯಬೇಡಿ: ನಿನ್ನೆ ಸರಿಯಿದ್ದ ಒಂದು ಕಿವಿ ಇವತ್ತು ಬೆಳಗ್ಗೆ ಇದ್ದಕ್ಕಿದ್ದಂತೆ ಕೇಳದಿದ್ದರೆ, ಈಕ್ವಲೈಸರು ಗೀಕ್ವಲೈಸರು ಅಂತ ಕೂರದೆ ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಓಡಿ. ಅದಕ್ಕೆ ಔಷಧಿ ಇದೆ, ಆದರೆ ಅದು ಕೆಲಸ ಮಾಡುವುದು ಮೊದಲ ಕೆಲವು ದಿನಗಳಲ್ಲಿ ಕೊಟ್ಟರೆ.